ಇಳಿಜಾರಿನಲ್ಲಿ ಪಾದ: ಪೆಡಲಿಗೆ ಬಿಗಿಯಬೇಕೇ, ಬಿಡಬೇಕೇ?

ಮಂಗಳೂರಿನಲ್ಲಿ ಸೈಕಲ್ ತುಳಿದವರಿಗೆ ಭೂಗೋಳದ ಪಾಠ ಬೇರೆ ಬೇಕಾಗಿಲ್ಲ. ಹೋಗುವಾಗ ಏರು, ಬರುವಾಗ ಇಳಿಜಾರು. ಕುದ್ರೋಳಿಯಂತೂ ನಗರದ ತಗ್ಗಿನಲ್ಲಿದೆ. ಹಂಪನಕಟ್ಟೆಯ ಕಡೆಗೆ ಹೊರಟರೆ ಬೆವರು ಸುರಿಸಬೇಕು. ಸಂಜೆ ಅಳಕೆ ದಾಟಿ ಮನೆಗೆ ಮರಳುವಾಗ ತುಳಿಯುವ ಕೆಲಸವೇ ಇಲ್ಲ, ಬ್ರೇಕಿನ ಮೇಲೆ ಕೈ ಇದ್ದರೆ ಸಾಕು. ನಾನು ಹೈಸ್ಕೂಲಿನಲ್ಲಿದ್ದಾಗ ಜುಲೈ ತಿಂಗಳ ಒಂದು ಮಳೆಯ ಸಂಜೆ ಅಪ್ಪನ ದೊಡ್ಡ ಸೈಕಲ್ ಏರಿ ಹೀಗೆಯೇ ಇಳಿದು ಬರುತ್ತಿದ್ದೆ. ಕಾಲಿಗೆ ಹವಾಯಿ ಚಪ್ಪಲಿ. ಪೆಡಲಿನ ರಬ್ಬರ್ ಸವೆದು ನುಣುಪಾಗಿತ್ತು. ರಸ್ತೆಯ ಹೊಂಡವೊಂದಕ್ಕೆ ಚಕ್ರ ಇಳಿದದ್ದಷ್ಟೇ ನೆನಪು. ಮುಂದಿನ ಪೆಡಲಿನಿಂದ ಬಲಗಾಲು ಜಾರಿತು. ಇಡೀ ಮೈಭಾರ ಹಿಂದಿನ ಪೆಡಲಿನ ಮೇಲೆ ಬಿದ್ದು ಕ್ರ್ಯಾಂಕ್ ಹಿಮ್ಮುಖವಾಗಿ ತಿರುಗಿತು. ಹಿಮ್ಮುಖ ತಿರುಗುವಿಕೆಗೆ ಫ್ರೀವೀಲ್ ತಡೆಯೊಡ್ಡುವುದಿಲ್ಲವಲ್ಲ! ಖಾಲಿಯಾದ ಪೆಡಲ್ ಮೇಲೆದ್ದು ಬಂದು ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ಆ ಗುರುತು ಇಂದಿಗೂ ಇದೆ.

ಈಗ ಕಾಲೇಜು ವಿದ್ಯಾರ್ಥಿಗಳ ಬಳಿ ಗೇರ್ ಇರುವ, ಮುಂದೆ ಹಿಂದೆ ಸ್ಪ್ರಿಂಗ್ ಇರುವ ಮೌಂಟನ್ ಬೈಕುಗಳನ್ನು ಕಾಣುತ್ತೇವೆ. ರಜೆ ಬಂದರೆ ಗುಡ್ಡದ ಹಾದಿ ಹಿಡಿಯುವವರೂ ಇದ್ದಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಕಡಿದಾದ ಇಳಿಜಾರಿಗೆ ಶೂವನ್ನು ಪೆಡಲಿಗೆ ಸಿಕ್ಕಿಸಿಕೊಳ್ಳುವ ಕ್ಲಿಪ್‌ಲೆಸ್ ಪೆಡಲ್ ಒಳ್ಳೆಯದೋ, ಪಾದವನ್ನು ಸುಮ್ಮನೆ ಮೇಲಿಡುವ ಫ್ಲಾಟ್ ಪೆಡಲ್ ಒಳ್ಳೆಯದೋ? ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಪ್ಪಿದರೆ ಪೆಟ್ಟು ಬೀಳುವುದು ಕಾಲಿಗೆ, ಕೆಲವೊಮ್ಮೆ ತಲೆಗೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಹೆಸರಿನಲ್ಲೇ ಗೊಂದಲ

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ‘ಕ್ಲಿಪ್‌ಲೆಸ್’ ಎಂದರೆ ಕ್ಲಿಪ್ ಇಲ್ಲದ್ದು. ಆದರೆ ಶೂವನ್ನು ಕಚ್ಚಿ ಹಿಡಿಯುವ ಪೆಡಲಿಗೇ ಈ ಹೆಸರು! ಕಾರಣ ಇತಿಹಾಸದಲ್ಲಿದೆ. ರಸ್ತೆಯ ಮೇಲೆ ಸ್ಪರ್ಧಿಸುವ ಸವಾರರು ಹಿಂದೆ ಪೆಡಲಿಗೆ ಲೋಹದ ಒಂದು ಪಂಜರವನ್ನೂ ಚರ್ಮದ ಪಟ್ಟಿಯನ್ನೂ ಜೋಡಿಸಿ ಅದರೊಳಗೆ ಕಾಲ್ಬೆರಳುಗಳನ್ನು ತೂರಿಸುತ್ತಿದ್ದರು. ಆ ಪಂಜರವೇ ‘ಟೋ ಕ್ಲಿಪ್’. ಪಟ್ಟಿ ಬಿಗಿದುಕೊಂಡವರು ಬೀಳುವಾಗ ಕೈಯಿಂದ ಅದನ್ನು ಬಿಚ್ಚಬೇಕಾಗುತ್ತಿತ್ತು. ಬೀಳುವವನಿಗೆ ಅಷ್ಟು ಪುರುಸೊತ್ತು ಎಲ್ಲಿ?

ಸ್ಕೀಯಿಂಗ್ ಆಟಗಾರರ ಬೂಟುಗಳನ್ನು ಹಿಡಿದು, ಬಿದ್ದಾಗ ಬಿಡುವ ಸಾಧನಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ‘ಲುಕ್’ ಕಂಪನಿ 1984ರಲ್ಲಿ ಅದೇ ತತ್ತ್ವವನ್ನು ಸೈಕಲ್ ಪೆಡಲಿಗೆ ಅಳವಡಿಸಿತು. 1985ರಲ್ಲಿ ಬರ್ನಾರ್ಡ್ ಇನೋ ಅಂಥ ಪೆಡಲ್ ಬಳಸಿ ‘ಟೂರ್ ದ ಫ್ರಾನ್ಸ್’ ಗೆದ್ದ ಮೇಲೆ ಅದು ಎಲ್ಲೆಡೆ ಹರಡಿತು. ಟೋ ಕ್ಲಿಪ್ ಬೇಕಾಗದ ಪೆಡಲ್ ಆದ್ದರಿಂದ ಅದು ಕ್ಲಿಪ್‌ಲೆಸ್. 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಮೌಂಟನ್ ಬೈಕಿಗಾಗಿಯೇ ‘ಎಸ್‌ಪಿಡಿ’ ಪೆಡಲನ್ನು ಹೊರತಂದಿತು. ಇದರಲ್ಲಿ ಶೂವಿನ ಅಟ್ಟೆಯ ಗುಳಿಯಲ್ಲಿ ‘ಕ್ಲೀಟ್’ ಎಂಬ ಸಣ್ಣ ಲೋಹದ ತುಂಡನ್ನು ಎರಡು ಬೋಲ್ಟುಗಳಿಂದ ಬಿಗಿಯುತ್ತಾರೆ. ಪೆಡಲಿನ ಮೇಲೆ ಒತ್ತಿದರೆ ಸ್ಪ್ರಿಂಗ್ ‘ಟಕ್’ ಎಂದು ಅದನ್ನು ಹಿಡಿಯುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ಹತ್ತು-ಹದಿನೈದು ಡಿಗ್ರಿಯಷ್ಟು ತಿರುಗಿಸಿದರೆ ಬಿಡುತ್ತದೆ. ಕ್ಲೀಟ್ ಗುಳಿಯೊಳಗೆ ಇರುವುದರಿಂದ ಕೆಳಗಿಳಿದು ನಡೆಯಬಹುದು.

ಫ್ಲಾಟ್ ಪೆಡಲ್ ಎಂದರೆ ಅಂಗೈಯಗಲದ ಒಂದು ಹಲಗೆ. ಆದರೆ ನಮ್ಮ ಹಳೆಯ ಸೈಕಲಿನ ರಬ್ಬರ್ ಪೆಡಲಿಗೂ ಇದಕ್ಕೂ ಅಜಗಜಾಂತರ. ಇದು ಸುಮಾರು ಹತ್ತು ಸೆಂಟಿಮೀಟರ್ ಉದ್ದಗಲದ ತೆಳು ಲೋಹದ ಅಥವಾ ನೈಲಾನಿನ ಚೌಕಟ್ಟು. ನಡುವೆ ತುಸು ತಗ್ಗು, ಅಂಚಿನ ಸುತ್ತ ಮೊಳೆಯಂಥ ಪಿನ್ನುಗಳು. ಮೆತ್ತನೆಯ ರಬ್ಬರ್ ಅಟ್ಟೆಯೊಳಗೆ ಈ ಪಿನ್ನುಗಳು ನಾಟಿ ನಿಲ್ಲುತ್ತವೆ. ಇದಕ್ಕೆ ಒಪ್ಪುವ ಶೂಗಳ ಅಂಟು ರಬ್ಬರ್ ಬಂದದ್ದು ಬಂಡೆ ಹತ್ತುವವರ ಶೂಗಳಿಂದ. ಬಾದಾಮಿಯ ಮರಳುಗಲ್ಲನ್ನೋ ರಾಮನಗರದ ಹೆಬ್ಬಂಡೆಯನ್ನೋ ಹತ್ತುವವರ ಪಾದಗಳನ್ನು ಹಿಡಿದಿಡುವ ಗುಣವೇ ಇಲ್ಲಿ ಪೆಡಲಿನ ಮೇಲೂ ಕೆಲಸ ಮಾಡುತ್ತದೆ.

ಇಳಿಯುವುದೇ ಆಟವಾದಾಗ

ಡೌನ್‌ಹಿಲ್ ಎಂಬ ಆಟಕ್ಕೆ ಬಹಳ ವಯಸ್ಸಾಗಿಲ್ಲ. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ಸಮೀಪದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಗೆಳೆಯರ ಗುಂಪೊಂದು ಹಳೆಯ, ಭಾರವಾದ ಸೈಕಲುಗಳನ್ನು ಗುಡ್ಡದ ತುದಿಗೆ ಒಯ್ದು ಕೆಳಗಿನವರೆಗೆ ಸ್ಪರ್ಧೆ ನಡೆಸಿತು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕುಗಳು ಕೆಳಗೆ ತಲುಪುವಷ್ಟರಲ್ಲಿ ಕಾದು, ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಇಳಿತದ ನಂತರ ಹೊಸ ಗ್ರೀಸ್ ತುಂಬಬೇಕಾದ್ದರಿಂದ ಆ ಹಾದಿಗೆ ‘ರೀಪ್ಯಾಕ್’ ಎಂಬ ಹೆಸರೇ ಬಿತ್ತು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಡೌನ್‌ಹಿಲ್ ಕೂಡ ಅದರಲ್ಲಿತ್ತು.

ಈ ಆಟದಲ್ಲಿ ತುಳಿಯುವುದು ಕಡಿಮೆ, ನಿಲ್ಲುವುದು ಹೆಚ್ಚು. ಸವಾರ ಸೀಟಿನ ಮೇಲೆ ಕುಳಿತಿರುವುದಿಲ್ಲ; ಎರಡು ಪೆಡಲುಗಳನ್ನೂ ಸಮಮಟ್ಟದಲ್ಲಿಟ್ಟು ಅವುಗಳ ಮೇಲೆ ನಿಂತಿರುತ್ತಾನೆ. ಅಂದರೆ ಪೆಡಲ್ ಇಲ್ಲಿ ಬರೀ ಶಕ್ತಿ ಕೊಡುವ ಸಾಧನವಲ್ಲ, ಅದು ನೆಲ. ನಮ್ಮ ಪ್ರಶ್ನೆಯ ತಿರುಳೂ ಇದೇ: ಓಡುತ್ತಿರುವ, ಕುಣಿಯುತ್ತಿರುವ ನೆಲದ ಮೇಲೆ ಪಾದ ಹೇಗೆ ನಿಲ್ಲುತ್ತದೆ?

ಪಾದ ಏಕೆ ಹಾರುತ್ತದೆ?

ಬಿಟ್ಟ ಪಾದ ಪೆಡಲನ್ನು ತಳ್ಳಬಲ್ಲದು, ಎಳೆಯಲಾರದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಚಕ್ರ ಕಲ್ಲಿನ ಮೇಲೇರಿದಾಗ ಪೆಡಲ್ ಮೇಲಕ್ಕೆ ಚಿಮ್ಮುತ್ತದೆ, ಪಾದವನ್ನೂ ಜೊತೆಗೆ ಎತ್ತುತ್ತದೆ. ಮರುಕ್ಷಣ ಚಕ್ರ ಕಲ್ಲಿನಾಚೆ ಇಳಿದು ಪೆಡಲ್ ಕೆಳಗೆ ಹೋಗುತ್ತದೆ. ಆದರೆ ಮೇಲ್ಮುಖವಾಗಿ ಹೊರಟ ಕಾಲು ಜಡತ್ವದ ನಿಯಮದಂತೆ ಮೇಲೆಯೇ ಉಳಿಯಲು ನೋಡುತ್ತದೆ. ನಡುವೆ ಸಂದು ಬೀಳುತ್ತದೆ. ಪಾದ ಮರಳಿ ಇಳಿಯುವಾಗ ಪೆಡಲ್ ಅದೇ ಜಾಗದಲ್ಲಿರುತ್ತದೆ ಎಂಬ ಭರವಸೆ ಇಲ್ಲ.

ಒಂದು ಲೆಕ್ಕ ಮಾಡೋಣ. ಯಾವುದೇ ವಸ್ತು 10 ಸೆಂಟಿಮೀಟರ್ ಬೀಳಲು ಸುಮಾರು 0.14 ಸೆಕೆಂಡು ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರಿನಂತೆ ಹೋಗುವ ಸೈಕಲ್ ಅಷ್ಟು ಹೊತ್ತಿನಲ್ಲಿ 1.4 ಮೀಟರ್ ಮುಂದೆ ಸಾಗಿರುತ್ತದೆ. ಹಾದಿ ಅದಕ್ಕಿಂತ ಕಡಿಮೆ ದೂರದಲ್ಲಿ 10 ಸೆಂಟಿಮೀಟರ್ ತಗ್ಗಿದರೆ ಆ ಒಂದು ಚಣ ಸವಾರನ ಭಾರ ಪಾದದ ಮೇಲೆ ಇರುವುದೇ ಇಲ್ಲ. ಭಾರವಿಲ್ಲದಲ್ಲಿ ಘರ್ಷಣೆಯೂ ಇಲ್ಲ. ಎಂಥ ಪಿನ್ನಿದ್ದರೂ ಆಗ ಪ್ರಯೋಜನವಿಲ್ಲ.

ಹಾಗಾದರೆ ಫ್ಲಾಟ್ ಪೆಡಲಿನವರು ಬೀಳದೆ ಇಳಿಯುವುದು ಹೇಗೆ? ಮೊಣಕಾಲು ಮತ್ತು ಹರಡುಗಳನ್ನು ಸ್ಪ್ರಿಂಗಿನಂತೆ ಬಳಸುವುದರಿಂದ. ಪೆಡಲ್ ಮೇಲೆ ಬಂದಾಗ ಕಾಲು ಮಡಚುತ್ತದೆ, ಮೈ ಮಾತ್ರ ಎದ್ದ ಮಟ್ಟದಲ್ಲೇ ಇರುತ್ತದೆ. ಪೆಡಲ್ ಕೆಳಗೆ ಹೋದಾಗ ಕಾಲು ಚಾಚಿ ಅದನ್ನು ಹಿಂಬಾಲಿಸುತ್ತದೆ. ಕಾಲನ್ನು ಕೋಲಿನಂತೆ ಸೆಟೆಸಿ ನಿಂತವನ ಪಾದವೇ ಮೊದಲು ಹಾರುವುದು.

ಹಿಮ್ಮಡಿಯ ಗಣಿತ

ಎರಡನೆಯ ಗುಟ್ಟು ಹಿಮ್ಮಡಿ. ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವುದು ನಿಮಗೆ ಗೊತ್ತು. ಪೆಡಲಿನ ಮೇಲೆ ನಿಂತ ಪಾದವೂ ಹಾಗೆಯೇ ಮುಂದಕ್ಕೆ ಜಾರಲು ನೋಡುತ್ತದೆ. ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ಬಲವಾಗಿ ಬ್ರೇಕ್ ಹಿಡಿದಿರಿ ಎನ್ನೋಣ. ಕೈಗಳು ಹೊರುವ ಪಾಲನ್ನು ಸದ್ಯಕ್ಕೆ ಬದಿಗಿಡೋಣ. ಆಗ ಪಾದದ ಒತ್ತಡ ನೇರ ಕೆಳಕ್ಕಲ್ಲ, ಸುಮಾರು 27 ಡಿಗ್ರಿ ಮುಂದಕ್ಕೆ ಓರೆಯಾಗಿರುತ್ತದೆ. ಪೆಡಲ್ ಸಮತಟ್ಟಾಗಿದ್ದರೆ ಪಾದ ಜಾರದಿರಲು ಘರ್ಷಣಾಂಕ 0.5 ಬೇಕು. ಒದ್ದೆ ಅಟ್ಟೆಯ ಘರ್ಷಣಾಂಕ 0.4 ಎಂದಿಟ್ಟುಕೊಂಡರೆ ಪಾದ ಜಾರಿತು ಎಂದೇ ಅರ್ಥ.

ಈಗ ಹಿಮ್ಮಡಿಯನ್ನು ಕೆಳಕ್ಕಿಳಿಸಿ, ಬೆರಳುಗಳು ಮೇಲೆ ಬರುವಂತೆ ಪೆಡಲನ್ನು 12 ಡಿಗ್ರಿ ಓರೆ ಮಾಡಿ. ಉಳಿದ ಓರೆ 15 ಡಿಗ್ರಿ ಮಾತ್ರ. ಅದಕ್ಕೆ ಬೇಕಾದ ಘರ್ಷಣಾಂಕ 0.27. ಅದೇ ಒದ್ದೆ ಶೂ ಈಗ ಭದ್ರವಾಗಿ ನಿಲ್ಲುತ್ತದೆ! ಒಂದು ರೂಪಾಯಿ ಖರ್ಚಿಲ್ಲದೆ, ಹೊಸ ಪಿನ್ನಿಲ್ಲದೆ, ಬರೀ ಹರಡನ್ನು ಬಾಗಿಸಿದ್ದರಿಂದ ಆದ ಲಾಭ ಇದು. ಚಕ್ರ ಕಲ್ಲಿಗೆ ಬಡಿದಾಗಲೂ ಆ ಹೊಡೆತ ಪಾದವನ್ನು ಪೆಡಲಿನಿಂದ ಆಚೆ ಎಸೆಯುವ ಬದಲು ಪೆಡಲಿಗೇ ಒತ್ತುತ್ತದೆ.

ಕರಾವಳಿಯವರಿಗೆ ಇದನ್ನು ಕಂಬಳದ ಗದ್ದೆಯಲ್ಲಿ ತೋರಿಸಬಹುದು. ಹಲಗೆ ವಿಭಾಗದ ಓಟದಲ್ಲಿ ಕೋಣಗಳ ಹಿಂದಿರುವ ಪುಟ್ಟ ಹಲಗೆಯ ಮೇಲೆ ಕಾಲೂರಿ ಬರುವವನನ್ನು ಗಮನಿಸಿ. ಅವನ ಪಾದವನ್ನು ಯಾರೂ ಹಲಗೆಗೆ ಕಟ್ಟಿರುವುದಿಲ್ಲ. ಕೆಸರು ನೀರಿನಲ್ಲಿ ಹಲಗೆ ಧಾವಿಸುತ್ತದೆ; ಮೈಯನ್ನು ಹಿಂದಕ್ಕೆ ವಾಲಿಸಿ, ಕಾಲನ್ನು ಹಲಗೆಗೆ ಒತ್ತಿ ಅವನು ನಿಲ್ಲುತ್ತಾನೆ. ಆಯ ತಪ್ಪಿದರೆ ಹಲಗೆ ಮುಂದೆ ಹೋಗುತ್ತದೆ, ಅವನು ಕೆಸರಿನಲ್ಲಿ ಉಳಿಯುತ್ತಾನೆ. ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಮಾಡಿ ನೋಡಿ

ನಿಮ್ಮ ಶೂವಿನ ಘರ್ಷಣಾಂಕವನ್ನು ನೀವೇ ಅಳೆಯಬಹುದು. ಒಂದು ಉದ್ದನೆಯ ಹಲಗೆಯ ಮೇಲೆ ಶೂವನ್ನಿಟ್ಟು, ಒಳಗೆ ಎರಡು ಪುಸ್ತಕಗಳ ಭಾರ ಹೇರಿ. ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ಶೂ ಜಾರತೊಡಗಿದ ಕ್ಷಣದಲ್ಲಿ ಆ ತುದಿಯ ಎತ್ತರವನ್ನೂ, ಎತ್ತಿದ ತುದಿಯ ನೇರ ಕೆಳಗಿನ ಬಿಂದುವಿನಿಂದ ನೆಲದಲ್ಲಿರುವ ತುದಿಯವರೆಗಿನ ದೂರವನ್ನೂ ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಹವಾಯಿ ಚಪ್ಪಲಿ, ಕ್ಯಾನ್ವಾಸ್ ಶೂ, ಓಟದ ಶೂ ಇವುಗಳನ್ನು ಒಣಗಿದ್ದಾಗ ಒಮ್ಮೆ, ನೀರು ಚಿಮುಕಿಸಿ ಒಮ್ಮೆ ಅಳೆದು ಪಟ್ಟಿ ಮಾಡಿ. ಮಳೆಗಾಲದಲ್ಲಿ ಯಾವುದನ್ನು ಮನೆಯಲ್ಲೇ ಬಿಡಬೇಕು ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಕ್ಲಿಪ್‌ಲೆಸ್: ಲಾಭ ಏನು, ಬೆಲೆ ಏನು?

ಕ್ಲಿಪ್‌ಲೆಸ್ ಪೆಡಲಿನ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಪಾದ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರುತ್ತದೆ. ಕಲ್ಲುಗಳ ಸಾಲಿನ ಮೇಲೆ ವೇಗವಾಗಿ ಹೋಗುವಾಗ ಪಾದ ಹಾರುವುದಿಲ್ಲ. ಇಳಿತದ ನಡುವೆ ನಾಲ್ಕಾರು ಸುತ್ತು ರಭಸದಿಂದ ತುಳಿಯಬೇಕಾದಾಗ ಕಾಲು ತಪ್ಪುವ ಅಂಜಿಕೆಯಿಲ್ಲ. ವಿಶ್ವಕಪ್ ಡೌನ್‌ಹಿಲ್ ಸ್ಪರ್ಧಿಗಳಲ್ಲಿ ಹೆಚ್ಚಿನವರು ಕ್ಲಿಪ್‌ಲೆಸ್ ಬಳಸುವುದಕ್ಕೆ ಇವೇ ಕಾರಣಗಳು.

ಬೆಲೆ ತೆರಬೇಕಾದದ್ದು ಕಾಲು ಬಿಡಿಸಿಕೊಳ್ಳುವ ಗಳಿಗೆಯಲ್ಲಿ. ಬೀಳುವಾಗ ಮನುಷ್ಯ ಕಾಲನ್ನು ಮೇಲಕ್ಕೆ ಎಳೆಯುತ್ತಾನೆ. ಇದು ಹುಟ್ಟುಗುಣ. ಆದರೆ ಈ ಪೆಡಲ್ ಬಿಡುವುದು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದಾಗ. ಯೋಚಿಸಿ ಮಾಡುವಷ್ಟು ಸಮಯವಿರುವುದಿಲ್ಲ, ಅಭ್ಯಾಸ ಮೈಗೂಡಿರಬೇಕು. ಹೊಸಬರು ಸಾಮಾನ್ಯವಾಗಿ ಬೀಳುವುದು ವೇಗದಲ್ಲಲ್ಲ, ಸೈಕಲ್ ನಿಂತುಹೋದಾಗ! ಕಾಲು ಬಿಡಿಸಲಾರದೆ ಕಡಿದ ಬಾಳೆಯಂತೆ ಪಕ್ಕಕ್ಕೆ ಉರುಳುತ್ತಾರೆ. ಬಯಲಿನಲ್ಲಿ ಇದು ನಗುವ ವಿಷಯ. ಒಂದು ಬದಿ ಕಮರಿ ಇರುವ ಹಾದಿಯಲ್ಲಿ ಅಲ್ಲ. ಜೊತೆಗೆ, ಕ್ಲೀಟನ್ನು ತಪ್ಪು ಕೋನದಲ್ಲಿ ಬಿಗಿದರೆ ಮೊಣಕಾಲು ನೋವು ಬರಬಹುದು.

ಫ್ಲಾಟ್ ಪೆಡಲಿಗೂ ಅದರದೇ ಪೆಟ್ಟುಗಳಿವೆ. ನನಗಾದಂತೆ ಪೆಡಲ್ ತಿರುಗಿ ಬಡಿದರೆ, ಮತ್ತು ಅದಕ್ಕೆ ಪಿನ್ನುಗಳಿದ್ದರೆ, ಗಾಯ ಸಾಲುಸಾಲಾಗಿ ಮೂಡುತ್ತದೆ. ಆದ್ದರಿಂದ ಮೊಣಕಾಲ ಕೆಳಗಿನ ಗಾರ್ಡ್ ಕಟ್ಟಿಕೊಳ್ಳುವುದು ಒಳ್ಳೆಯದು.

ಎಳೆದರೆ ವೇಗ ಹೆಚ್ಚುವುದೇ?

ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: ‘ಕ್ಲಿಪ್‌ಲೆಸ್ ಇದ್ದರೆ ಪೆಡಲನ್ನು ಮೇಲಕ್ಕೂ ಎಳೆಯಬಹುದು, ಶಕ್ತಿ ಹೆಚ್ಚು ಸಿಗುತ್ತದೆ.’ ಕೇಳಲು ಸರಿಯೆನಿಸುತ್ತದೆ. ಆದರೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೈಕಲ್ ಸ್ಪರ್ಧಿಗಳಿಗೆ ಬೇರೆ ಬೇರೆ ಬಗೆಯಲ್ಲಿ ತುಳಿಯಲು ಹೇಳಿದಾಗ, ಬೇಕೆಂದೇ ಮೇಲಕ್ಕೆ ಎಳೆದು ತುಳಿದಾಗ ಅವರ ದೇಹದ ದಕ್ಷತೆ ಕಡಿಮೆಯಾದದ್ದು ಕಂಡುಬಂತು. ಕಾಲನ್ನು ಕೆಳಕ್ಕೆ ಒತ್ತುವ ಸ್ನಾಯುಗಳು ದೊಡ್ಡವು, ಎತ್ತುವ ಸ್ನಾಯುಗಳು ಚಿಕ್ಕವು. ಚಿಕ್ಕವಕ್ಕೆ ದೊಡ್ಡ ಕೆಲಸ ಕೊಟ್ಟರೆ ಆಮ್ಲಜನಕದ ಖರ್ಚು ಹೆಚ್ಚು, ಗಳಿಕೆ ಕಡಿಮೆ. ಅಲ್ಲದೆ ಡೌನ್‌ಹಿಲ್‌ನಲ್ಲಿ ಸೈಕಲನ್ನು ಓಡಿಸುವುದು ಮುಖ್ಯವಾಗಿ ಗುಡ್ಡವೇ. ಆದ್ದರಿಂದ ಶಕ್ತಿ ಹೆಚ್ಚುತ್ತದೆಂಬ ಆಸೆಯಿಂದ ಕ್ಲಿಪ್‌ಲೆಸ್ ಕೊಳ್ಳಬೇಡಿ. ಪಾದ ಸ್ಥಿರವಾಗಿರಲಿ ಎಂದು ಕೊಂಡರೆ ಅದು ಬೇರೆ ಮಾತು.

ಗೆದ್ದವರು ಏನು ಬಳಸಿದರು?

ದಕ್ಷಿಣ ಆಫ್ರಿಕಾದ ಗ್ರೆಗ್ ಮಿನಾರ್ ಕ್ಲಿಪ್‌ಲೆಸ್ ಸವಾರ. 2003, 2012, 2013 ಮತ್ತು 2021ರಲ್ಲಿ, ಹೀಗೆ ನಾಲ್ಕು ಸಲ ಡೌನ್‌ಹಿಲ್ ವಿಶ್ವ ಚಾಂಪಿಯನ್. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಫ್ಲಾಟ್ ಪೆಡಲ್ ಬಿಡದ ಸವಾರ. 2006, 2007 ಮತ್ತು 2010ರಲ್ಲಿ ವಿಶ್ವ ಚಾಂಪಿಯನ್. ನಂತರ ಏರಿಳಿತಗಳೆರಡೂ ಇರುವ ಎಂಡ್ಯೂರೋ ಆಟಕ್ಕೆ ಹೋಗಿ, ಫ್ಲಾಟ್ ಪೆಡಲ್ ಅಲ್ಲಿ ನಡೆಯದು ಎಂದವರ ನಡುವೆ 2017, 2018, 2019ರಲ್ಲಿ ಸತತವಾಗಿ ವಿಶ್ವ ಸರಣಿ ಗೆದ್ದರು. ಈ ಎರಡು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಗೆಲುವನ್ನು ಪೆಡಲ್ ತೀರ್ಮಾನಿಸುವುದಿಲ್ಲ.

ನಮ್ಮ ಮಳೆ, ನಮ್ಮ ಮಣ್ಣು

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸುತ್ತಲಿನ ಗುಡ್ಡಗಳದು ಮುರಕಲ್ಲಿನ ಕೆಂಪು ಮಣ್ಣು, ನೆನೆದರೆ ಅಂಟು. ಕೆಳಗಿಳಿದು ನಾಲ್ಕು ಹೆಜ್ಜೆ ನಡೆದರೆ ಈ ಮಣ್ಣು ಕ್ಲೀಟಿನ ಗುಳಿಯೊಳಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಪೆಡಲ್ ಅದನ್ನು ಹಿಡಿಯುವುದಿಲ್ಲ, ಅರ್ಧ ಹಿಡಿದರೆ ಬಿಡುವುದೂ ಕಷ್ಟ. ಇನ್ನು ಕಡಲ ಉಪ್ಪುಗಾಳಿ. ಸ್ಪ್ರಿಂಗು, ಬೋಲ್ಟುಗಳಿಗೆ ಎಣ್ಣೆ ಕಾಣಿಸದೆ ಒಂದು ಮಳೆಗಾಲ ಬಿಟ್ಟರೆ ತುಕ್ಕು ಗ್ಯಾರಂಟಿ. ತುಕ್ಕು ಹಿಡಿದ ಬೋಲ್ಟು ಸಡಿಲವಾದರೆ ಶೂ ತಿರುಗುತ್ತದೆ, ಕ್ಲೀಟ್ ಮಾತ್ರ ಪೆಡಲಿನಲ್ಲೇ ಉಳಿಯುತ್ತದೆ. ಆಗ ಕಾಲು ನಿಜಕ್ಕೂ ಸೆರೆ. ಕ್ಲಿಪ್‌ಲೆಸ್ ಬಳಸುವವರು ಪ್ರತಿ ಸವಾರಿಗೆ ಮೊದಲು ಈ ಎರಡು ಬೋಲ್ಟುಗಳನ್ನು ನೋಡಲೇಬೇಕು.

ಹಾಗಾದರೆ ಆಯ್ಕೆ?

ಕಲಿಯುವವರು ಫ್ಲಾಟ್ ಪೆಡಲಿನಿಂದಲೇ ಆರಂಭಿಸುವುದು ಒಳ್ಳೆಯದು. ಕಾರಣ ಬರೀ ಭಯವಲ್ಲ. ಫ್ಲಾಟ್ ಪೆಡಲ್ ಒಬ್ಬ ಕಟ್ಟುನಿಟ್ಟಿನ ಮೇಷ್ಟ್ರು. ಹಿಮ್ಮಡಿ ಎತ್ತಿದಿರೋ, ಮೊಣಕಾಲು ಸೆಟೆಸಿದಿರೋ, ಪಾದ ಜಾರಿಸಿ ಆ ಕೂಡಲೇ ತಪ್ಪು ತೋರಿಸುತ್ತದೆ. ಕ್ಲಿಪ್‌ಲೆಸ್ ಅದೇ ತಪ್ಪನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ತಪ್ಪು ದೊಡ್ಡ ವೇಗದಲ್ಲಿ ಒಮ್ಮೆಲೇ ಹೊರಬೀಳುತ್ತದೆ. ಪಾದದ ಮಧ್ಯಭಾಗ ಪೆಡಲಿನ ಅಚ್ಚಿನ ಹತ್ತಿರ, ಹೆಬ್ಬೆರಳ ಬುಡದ ಉಬ್ಬು ಅಚ್ಚಿಗಿಂತ ತುಸು ಮುಂದೆ ಇರಲಿ. ಚಪ್ಪಟೆ ಅಟ್ಟೆಯ ಶೂ ಇರಲಿ. ಮೊದಲ ಖರ್ಚು ಹೆಲ್ಮೆಟ್ಟಿಗೆ, ಎರಡನೆಯದು ಬ್ರೇಕಿಗೆ, ಪೆಡಲು ಆಮೇಲೆ. ವಾಹನ ಓಡಾಡುವ ರಸ್ತೆಯಲ್ಲಿ ಅಭ್ಯಾಸ ಬೇಡ; ಕಾಡಿನ ಹಾದಿಯಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ.

ಕಲ್ಲಿನ ಹಾದಿಯಲ್ಲಿ ಪಾದ ಹಾರದೆ ನಿಲ್ಲುವಷ್ಟು ಪಳಗಿದ ಮೇಲೆ, ಇನ್ನೂ ವೇಗ ಬೇಕು, ಸ್ಪರ್ಧಿಸಬೇಕು ಎನಿಸಿದರೆ ಕ್ಲಿಪ್‌ಲೆಸ್ ಪ್ರಯತ್ನಿಸಬಹುದು. ಸ್ಪ್ರಿಂಗನ್ನು ಅತ್ಯಂತ ಸಡಿಲಕ್ಕೆ ಇಟ್ಟುಕೊಂಡು, ಗೋಡೆ ಹಿಡಿದು ನಿಂತು, ಒಂದೊಂದು ಕಾಲನ್ನೂ ಐವತ್ತು ಸಲ ಸಿಕ್ಕಿಸಿ ಬಿಡಿಸಿ. ನಂತರ ಹುಲ್ಲಿನ ಬಯಲು, ಕೊನೆಗೆ ಇಳಿಜಾರು. ಪೆಡಲ್ ಬದಲಾಯಿಸುವುದು ಮನೆಯಲ್ಲೇ ಆಗುವ ಕೆಲಸ. ಎಡಗಡೆಯ ಪೆಡಲಿಗೆ ಉಲ್ಟಾ ಥ್ರೆಡ್ ಎಂಬುದು ನೆನಪಿರಲಿ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಹಾಕಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲುಗಳು ಸಡಿಲವಾಗುತ್ತವೆ.

ಆ ಜುಲೈ ಸಂಜೆ ನನ್ನ ಕಾಲನ್ನು ಯಾರಾದರೂ ಪೆಡಲಿಗೆ ಬಿಗಿದಿದ್ದರೆ ಮೂಳೆಗೆ ಪೆಟ್ಟು ಬೀಳುತ್ತಿರಲಿಲ್ಲವೇನೋ. ಆದರೆ ಹಿಮ್ಮಡಿಯನ್ನು ಕೆಳಗಿಳಿಸಿ, ಮೊಣಕಾಲನ್ನು ಸಡಿಲಬಿಟ್ಟು ಹೊಂಡ ದಾಟಬೇಕು ಎಂದು ಯಾರಾದರೂ ಹೇಳಿಕೊಟ್ಟಿದ್ದರೆ, ಸವೆದ ಆ ರಬ್ಬರ್ ಪೆಡಲಿನ ಮೇಲೆಯೂ ಪಾದ ನಿಲ್ಲುವ ಸಾಧ್ಯತೆ ಹೆಚ್ಚಿತ್ತು. ಮುಂದಿನ ಮಳೆಗಾಲಕ್ಕೆ ಮೊದಲು ಹಲಗೆಯ ಪ್ರಯೋಗವನ್ನು ಒಮ್ಮೆ ಮಾಡಿ ನೋಡಿ. ಪೆಡಲ್ ಯಾವುದೆಂಬುದನ್ನು ಆಮೇಲೆ ಯೋಚಿಸಿದರೂ ತಡವಾಗುವುದಿಲ್ಲ.